ಬನಹಟ್ಟಿಯಲ್ಲಿ ಯಾರೂ ಕಡಿಮೆಯಾಗಲಿಲ್ಲ

ವಯಸ್ಸಾದವರು ಎತ್ತರ ಬೆಳೆಯುವುದಿಲ್ಲ, ಕುಗ್ಗುತ್ತಾರೆ. ಇದನ್ನು ತಿಳಿಯಲು ಸಂಖ್ಯಾಶಾಸ್ತ್ರ ಓದಬೇಕಿಲ್ಲ, ಮನೆಯಲ್ಲಿ ಒಬ್ಬ ಅಜ್ಜಿ ಇದ್ದರೆ ಸಾಕು. ಆದರೂ ಜಮಖಂಡಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಅದೇ ಶಾಸ್ತ್ರ ಕಲಿಸಿದ ನಾನು, ಒಬ್ಬ ಅಜ್ಜ ಒಂಬತ್ತು ತಿಂಗಳಲ್ಲಿ ನಾಲ್ಕು ಬೆರಳು ಎತ್ತರವಾಗಿದ್ದನ್ನು ಕಂಪ್ಯೂಟರಿನ ಪರದೆಯ ಮೇಲೆ ಕಂಡು ನಕ್ಕುಬಿಟ್ಟೆ. ನರ್ಸ್ ಹುಡುಗಿ ಟೇಪು ಸರಿಯಾಗಿ ಹಿಡಿದಿಲ್ಲ ಅಂದುಕೊಂಡೆ. ಆ ನಗುವಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮುಧೋಳದಲ್ಲಿ ವಯಸ್ಸಾದವರನ್ನೇ ಹೆಚ್ಚಾಗಿ ನೋಡುವ ಡಾಕ್ಟರೊಬ್ಬರು ನನಗೆ ಪರಿಚಯ. ರಕ್ತದೊತ್ತಡಕ್ಕೆ ಕೊಡುವ ಹೊಸ ಗುಳಿಗೆಯೊಂದನ್ನು ನಮ್ಮ ಕಡೆಯ ಮುದುಕರ ಮೇಲೆ ಪರೀಕ್ಷಿಸಿ ನೋಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಅರ್ಧ ಮಂದಿಗೆ ಹೊಸ ಗುಳಿಗೆ, ಉಳಿದರ್ಧಕ್ಕೆ ಹಳೆಯದು. ಎರಡರ ಬಣ್ಣವೂ ಒಂದೇ, ಪೊಟ್ಟಣವೂ ಒಂದೇ. ಯಾರಿಗೆ ಯಾವುದು ಹೋಗಿದೆ ಅನ್ನುವುದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ, ತಿನ್ನುವವರಿಗೂ ಗೊತ್ತಿರುವುದಿಲ್ಲ. ಅದು ಮುಚ್ಚಿದ ಲಕೋಟೆಯಲ್ಲಿರುತ್ತದೆ.

ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದು, ಚಹಾ ಮುಗಿಯುವ ಮೊದಲೇ ಕೇಳಿದರು: "ಎಷ್ಟ ಮಂದಿ ಬೇಕಾಗ್ತಾರ ಹೇಳ್ರಿ ಮೇಡಂ. ಅನ್ನ ಬೆಂದೈತೇನಂತ ನೋಡಾಕ ಒಂದ ಅಗಳ ಹಿಚುಕಿದ್ರ ಸಾಕಲ್ರಿ?"

ನನಗೆ ರೇಗಿತು. ಈ ಗಾದೆ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಆ ಮಾತು ಸರಿ. ಎಪ್ಪತ್ತು ದಾಟಿದವರು ಒಂದೇ ಪಾತ್ರೆಯವರಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಮೂತ್ರಪಿಂಡದ ತೊಂದರೆ, ಮತ್ತೊಬ್ಬರು ಐವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕಾಲೇ ಮರೆತವರು. ಅವರ ನಡುವೆ ವ್ಯತ್ಯಾಸ ಹೆಚ್ಚು. ವ್ಯತ್ಯಾಸ ಹೆಚ್ಚಿದ್ದಷ್ಟೂ ಹೆಚ್ಚು ಮಂದಿ ಬೇಕು. ಹೊಸ ಗುಳಿಗೆಯ ಗುಣ ಹಳೆಯದಕ್ಕಿಂತ ತುಸುವೇ ಮೇಲಾಗಿದ್ದರೆ, ಆ ತುಸುವನ್ನು ಕಾಣಲು ಇನ್ನೂ ಹೆಚ್ಚು ಮಂದಿ ಬೇಕು. ಇದನ್ನೆಲ್ಲ ಅವರಿಗೆ ಪಾಠ ಮಾಡಿದೆ. ಅವರು ಎರಡನೆಯ ಕಪ್ಪು ಚಹಾ ಕುಡಿದರು.

"ಇನ್ನೊಂದು ಲೆಕ್ಕ ಇದೆ," ಅಂದೆ ಕೊನೆಗೆ. "ಬೇಕಾದಷ್ಟೇ ಮಂದಿಯನ್ನು ಸೇರಿಸಿದರೆ ಸಾಲದು. ವರ್ಷ ಮುಗಿಯುವುದರೊಳಗೆ ಕೆಲವರು ಕಡಿಮೆಯಾಗುತ್ತಾರೆ. ಮಗಳ ಊರಿಗೆ ಹೋಗುತ್ತಾರೆ, ಬೇಸತ್ತು ಬಿಡುತ್ತಾರೆ..."

"ಸಾಯ್ತಾರ," ಅಂದರು ಡಾಕ್ಟರು. "ವಯಸ್ಸಾದ ಮಂದಿರಿ. ಹೆಚ್ಚಿಗಿ ಹಿಡೀರಿ."

ಹಿಡಿದೆ. ನೂರು ಮಂದಿ ಬೇಕಾದಲ್ಲಿ ನೂರಿಪ್ಪತ್ತು. ಅಡುಗೆಮನೆಯ ಮೇಜಿನ ಮೇಲೆ, ಒಗ್ಗರಣೆ ಸೀಯದಂತೆ ಒಂದು ಕಣ್ಣಿಟ್ಟುಕೊಂಡು ಬರೆದ ಅಂಕಿ ಅದು. ಆ ಹೆಚ್ಚಿಗೆಯ ಇಪ್ಪತ್ತು ಅಂದರೆ ನಾನು ಮುಂಗಡವಾಗಿ ಕಳೆದುಕೊಂಡ ಮನುಷ್ಯರು ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ. ಇನ್ನೊಂದು ನಿಯಮವನ್ನೂ ನಾನೇ ಬರೆದೆ: ಯಾವುದೇ ಒಂದು ಊರಿನಲ್ಲಿ ಸತ್ತವರು, ಬಿದ್ದು ಮೂಳೆ ಮುರಿದುಕೊಂಡವರು ಸೇರಿ ಐದು ಮಂದಿ ದಾಟಿದರೆ ಗುಳಿಗೆ ನಿಲ್ಲಿಸಿ ಲಕೋಟೆ ಒಡೆಯಬೇಕು. ಮಂದಿಯ ಗುಟ್ಟು ಕಾಪಾಡಬೇಕೆಂದು ಕಾರ್ಡಿನ ಮೇಲೆ ಹೆಸರು ಬೇಡ, ಫೋಟೋ ಬೇಡ, ನಂಬರು ಸಾಕು ಅಂದವಳೂ ನಾನೇ. ಅಷ್ಟು ಜಾಣೆ ನಾನು.

ಮುಧೋಳ, ಬೀಳಗಿ, ಬನಹಟ್ಟಿ, ಹೀಗೆ ಮೂರು ಊರು ಆರಿಸಿದ್ದಾಯಿತು. ಬನಹಟ್ಟಿ ನನ್ನ ತವರು. ನೇಕಾರರ ಓಣಿಯ ಬಾಯಲ್ಲೇ ನಮ್ಮ ಮನೆ. ಅಣ್ಣ ನಾಲ್ಕು ಪವರ್‌ಲೂಮ್ ಹಾಕಿಕೊಂಡಿದ್ದಾನೆ, ಅವ್ವ ಅವನ ಜೊತೆಗಿದ್ದಳು. ಓಣಿಯ ಮಂದಿಯನ್ನು ಒಪ್ಪಿಸುವ ಕೆಲಸ ಸಹಜವಾಗಿ ನನಗೇ ಬಂತು.

ಗುಡಿಯ ಕಟ್ಟೆಯ ಮೇಲೆ ಮುದುಕರೆಲ್ಲ ಸೇರಿದ್ದರು. ಇಷ್ಟೊಂದು ಮಂದಿ ಯಾಕೆ, ನಾಲ್ಕು ಜನ ಸಾಲದೇ ಎಂದು ಒಬ್ಬರು ಕೇಳಿದರು. ಅಗಳಿನ ಗಾದೆ ಮತ್ತೆ ಬರುವ ಮೊದಲೇ ನಾನು ಬಾಯಿ ಹಾಕಿದೆ.

"ಸೀರಿ ನೇಯೂ ಮುಂದ ಹಾಸಿನ್ಯಾಗ ಇಷ್ಟ ಎಳಿ ಬೇಕಂತ ಮೊದಲ ಲೆಕ್ಕಾ ಹಿಡೀತೀರಿಲ್ಲ? ಹಂಗ ನಮಗೂ ಇಷ್ಟ ಮಂದಿ ಬೇಕ್ರಿ. ನಡುವ ಒಂದ ಎಳಿ ಹರದ್ರೂ ಅರಿವಿ ಕೆಡತೈತಿ. ಅದಕ್ಕ ಯಾರೂ ನಡುವ ಬಿಡಬಾರದು."

ಹಾಸು ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆಗಳು. ಅಲ್ಲಿದ್ದವರ ಕೈಯಲ್ಲಿ ಅವು ಸಾವಿರ ಸಾವಿರ ಹಾಯ್ದುಹೋಗಿದ್ದವು. ಎಲ್ಲರೂ ತಲೆದೂಗಿದರು. ಓಣಿಯ ಹಿರಿಯ ಕಾಕಾ ಒಬ್ಬ, ಅಪ್ಪನ ಜೊತೆಗಾರ, ಹಾಸು ಹೂಡುವುದರಲ್ಲಿ ಊರಿಗೇ ಹೆಸರಾದವನು, ಎದ್ದು ನಿಂತು ಹೇಳಿದ: "ಅದರ ಕಾಳಜಿ ನನಗ ಬಿಡ ಮಗಳ. ನಮ್ಮ ಓಣ್ಯಾಗ ಒಂದ ಎಳಿ ಕಮ್ಮಿ ಆಗಾಂಗಿಲ್ಲ."

ಅವ್ವನನ್ನು ಸೇರಿಸುವ ಮನಸ್ಸು ನನಗಿರಲಿಲ್ಲ. ಅವಳೇ ಕಟ್ಟೆಯ ಅಂಚಿನಿಂದ ಕೂಗಿದಳು: "ಊರ ಮಂದೀನೆಲ್ಲಾ ಕೂಡಿಸಿ ಹೆತ್ತವ್ವನ್ನ ಬಿಟ್ರ ಮಂದಿ ಏನಂದಾರು? ನಂದೂ ಹೆಬ್ಬಟ್ಟ ಒತ್ತಿಸ್ಕೋ." ಎಲ್ಲರೂ ನಕ್ಕರು. ನನಗೂ ಅದು ಅನುಕೂಲವೇ ಆಯಿತು. ಮಗಳು ತನ್ನ ತಾಯಿಯನ್ನೇ ಸೇರಿಸಿದ ಮೇಲೆ ಅನುಮಾನ ಪಡುವವರು ಯಾರು? ಅವ್ವನದು ಓಣಿಯ ಕೊನೆಯ ನಂಬರು. ಜಮಖಂಡಿ ಬಸ್ಸಿನಲ್ಲಿ ಕೂತು, ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೂರು ತಿಂಗಳಿಗೊಮ್ಮೆ ನರ್ಸ್ ಹೋಗಿ ರಕ್ತದೊತ್ತಡ, ತೂಕ, ಎತ್ತರ ಬರೆದುಕೊಂಡು, ಹೊಸ ಪೊಟ್ಟಣ ಕೊಟ್ಟು ಬರುತ್ತಿದ್ದಳು. ಪ್ರತಿ ಸಲವೂ ಬೇರೆ ಹುಡುಗಿ. ಆ ಹಾಳೆಗಳು ನನಗೆ ಬರುತ್ತಿದ್ದವು, ನಂಬರುಗಳಾಗಿ. ಬೀಳಗಿಯಲ್ಲಿ ಮೊದಲ ಸುತ್ತಿಗೇ ಮಂದಿ ಉದುರತೊಡಗಿದರು. ಒಬ್ಬರು ಮಗಳ ಮನೆಗೆ ಹೋದರು, ಒಬ್ಬರು ತೀರಿಕೊಂಡರು, ಒಬ್ಬಜ್ಜ ಗುಳಿಗೆಯನ್ನು ಎಮ್ಮೆಗೆ ತಿನ್ನಿಸಿ ಎಮ್ಮೆ ಚೆನ್ನಾಗಿದೆ ಎಂದು ವರದಿ ಕೊಟ್ಟ. ಮುಧೋಳದಲ್ಲೂ ಹಾಗೇ, ನಾನು ಹಿಡಿದ ಲೆಕ್ಕದ ಹತ್ತಿರಹತ್ತಿರ. ಬನಹಟ್ಟಿಯಲ್ಲಿ ಮಾತ್ರ ಯಾರೂ ಕಡಿಮೆಯಾಗಲಿಲ್ಲ. ಮೂರು ತಿಂಗಳಿಗೆ ಅಷ್ಟೇ ಮಂದಿ, ಆರು ತಿಂಗಳಿಗೂ ಅಷ್ಟೇ ಮಂದಿ.

"ನಿಮ್ಮ ತವರವರು ಬಂಗಾರದಂಥಾ ಮಂದಿ ಬಿಡ್ರಿ," ಅಂದರು ಡಾಕ್ಟರು. ನಾನೂ ಉಬ್ಬಿದೆ.

ಅದೇ ತಿಂಗಳುಗಳಲ್ಲಿ ಅವ್ವ ಪ್ರತಿ ಭಾನುವಾರ ಫೋನಿನಲ್ಲಿ ಊರ ಸುದ್ದಿ ಹೇಳುತ್ತಿದ್ದಳು. ಅವಳ ಸುದ್ದಿಯಲ್ಲಿ ಸಾವು ಇದ್ದೇ ಇರುತ್ತಿತ್ತು. ಮೂಲೆ ಮನೆಯ ಅಜ್ಜ ಹೋದ. ಅದರ ಪಕ್ಕದ ಮನೆಯ ಆಯಿ ಬಚ್ಚಲಲ್ಲಿ ಬಿದ್ದಳು. ನೂಲಿಗೆ ಬಣ್ಣ ಹಾಕುತ್ತಿದ್ದ ಮುದುಕ ಮುಂಜಾನೆ ಹಾಸಿಗೆಯಿಂದ ಎದ್ದವನು ಅಲ್ಲೇ ಕುಸಿದ. ನಾನು ಒಂದು ಕಿವಿಯಲ್ಲಿ "ಪಾಪ" ಅನ್ನುತ್ತಿದ್ದೆ. ಒಂದು ಮನೆಗೆ ಮಾತನಾಡಿಸಿಕೊಂಡು ಬರಲು ಹೋಗಿ, ಕೊಟ್ಟ ಚಹಾ ಕುಡಿದೂ ಬಂದೆ. ಫೋನಿನಲ್ಲಿ ಮಂದಿ ಸಾಯುತ್ತಿದ್ದರು, ಹಾಳೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಎರಡೂ ಒಂದೇ ಓಣಿ. ನನಗೆ ಹೊಳೆಯಲಿಲ್ಲ. ಫೋನಿನಲ್ಲಿ ಬರುತ್ತಿದ್ದವರಿಗೆ ಹೆಸರಿತ್ತು, ಹಾಳೆಯಲ್ಲಿದ್ದವರಿಗೆ ನಂಬರಿತ್ತು.

ಒಮ್ಮೆ ಅವ್ವ ಅಂದಳು: "ಕುಂತಲ್ಲಿಂದ ಎದ್ರ ತಲಿ ಗಿರ್ರ ಅಂತೈತಿ ನೋಡ."

"ನರ್ಸಗ ಹೇಳ್ದೇನು?"

"ಹೇಳಿದ್ರ ನನ್ನ ತಗೀತಾರ. ನಿನ್ನ ಲೆಕ್ಕಾ ಕಮ್ಮಿ ಆಗೂದಿಲ್ಲೇನ?"

"ನೀರ ಕುಡಿ ಅವ್ವಾ. ಸಾವಕಾಶ ಏಳ," ಅಂದೆ. ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ಅಷ್ಟು ಹೇಳಿ ಫೋನಿಟ್ಟೆ.

ಒಂಬತ್ತನೆಯ ತಿಂಗಳ ಹಾಳೆಯಲ್ಲಿ ಆ ಎತ್ತರದ ಅಜ್ಜ ಬಂದ. ನಕ್ಕೆನಲ್ಲ, ಆ ನಗು ಇನ್ನೂ ಬಾಯಲ್ಲಿರುವಾಗಲೇ ಕಣ್ಣು ಕೆಳಗಿಳಿಯಿತು. ಇನ್ನೊಂದು ನಂಬರಿನ ಅಜ್ಜಿ ಮೂರು ತಿಂಗಳಲ್ಲಿ ಹನ್ನೊಂದು ಕಿಲೋ ದಪ್ಪವಾಗಿದ್ದಳು. ಮತ್ತೊಬ್ಬ ಮುದುಕ ಒಂದು ಗೇಣು ಗಿಡ್ಡವಾಗಿದ್ದ. ಬೀಳಗಿಯ ಹಾಳೆ ತೆಗೆದೆ, ಅಲ್ಲಿ ಹೀಗೆ ಯಾರೂ ಇರಲಿಲ್ಲ. ಮುಧೋಳದ್ದು ತೆಗೆದೆ, ಅಲ್ಲೂ ಇಲ್ಲ. ಟೇಪು ತಪ್ಪಾಗಿದ್ದರೆ ಎಲ್ಲ ಕಡೆಯೂ ತಪ್ಪಬೇಕಿತ್ತು.

ಮರುದಿನ ಮಧ್ಯಾಹ್ನದ ರಜೆ ಹಾಕಿ ಬಸ್ಸು ಹತ್ತಿದೆ. ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ, ಬನಹಟ್ಟಿಯ ಹಾಳೆಯಲ್ಲಿರುವವರು ನಾವು ಸೇರಿಸಿದವರೇ ಅಲ್ಲವೇನೋ ಅನ್ನಿಸುತ್ತಿದೆ, ಗುಳಿಗೆ ನಿಲ್ಲಿಸಿ ಅಂದೆ.

"ಮೇಡಂ, ಹಾಳಿ ಮ್ಯಾಲ ಒಬ್ರೂ ಸತ್ತಿಲ್ಲ. ಅನಸ್ತೈತಿ ಅಂದ್ರ ಲಕೋಟಿ ಒಡ್ಯಾಕ ಬರಾಂಗಿಲ್ರಿ, ನಿಯಮಾ ನೀವ ಬರದೀರಿ. ಬರೋಬ್ಬರಿ ಲೆಕ್ಕಾ ತಗೊಂಡ ಹೇಳ್ರಿ, ಅದ ತಾಸಿಗೆ ಒಡೀತೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬರೋಬ್ಬರಿ ಲೆಕ್ಕ ತೆಗೆಯಲು ನಾನು ನಂಬರಿನ ಪ್ರಕಾರ ಹೊರಟೆ.

ಓಣಿಯ ಬಾಯಲ್ಲೇ ನಮ್ಮ ಮನೆ ಸಿಕ್ಕಿತು. ಒಳಗೆ ಪವರ್‌ಲೂಮುಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಹೊಸ್ತಿಲ ಒಳಗೆ ಅವ್ವ ರಾಟಿಯ ಮುಂದೆ ಕೂತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡವಳೇ ಮುಖ ಅರಳಿಸಿದಳು.

"ಬಾ ಯವ್ವಾ, ಚಾ ಇಡ್ತೀನಿ."

"ಕುಂದರ ಅವ್ವಾ. ಕೆಲಸ ಐತಿ, ಬರೂ ಮುಂದ ಕುಡೀತೀನಿ."

ಅವ್ವನದು ಕೊನೆಯ ನಂಬರು. ದಾಟಿ ಹೋದೆ.

ಕಾಕಾನನ್ನು ಜೊತೆಗೆ ಕರೆದುಕೊಂಡೆ. ಯಾವ ನಂಬರು ಯಾರದು ಅನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ಮೊದಲು ಆ ಎತ್ತರದ ಅಜ್ಜನ ಮನೆಗೇ ಹೋಗಬೇಕೆಂದು ಜೀವ ಹೇಳುತ್ತಿದ್ದರೂ ಒಂದನೆಯ ನಂಬರಿನಿಂದ ಶುರು ಮಾಡಿದೆ. ಅದು ನನ್ನ ಹಟ. ಅರ್ಧ ಎಣಿಸಿದ ಲೆಕ್ಕವನ್ನು ನಾನು ಲೆಕ್ಕ ಅನ್ನುವುದಿಲ್ಲ. ಮೊದಲ ಕೆಲವು ಮನೆಗಳಲ್ಲಿ ನಾವು ಸೇರಿಸಿದವರೇ ಇದ್ದರು, ಕಾರ್ಡು ತೋರಿಸಿದರು. ಆಮೇಲೆ ಮೂಲೆ ಮನೆ ಬಂತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ, ಅದರ ಕೆಳಗೆ ಉದ್ದನೆಯ ಮುದುಕನೊಬ್ಬ, ಕೈಯಲ್ಲಿ ಕಾರ್ಡು.

"ಇದು ಯಾರ ಕಾರ್ಡರಿ?"

"ಅಣ್ಣಂದ್ರಿ. ಅಂವಾ ಮಳಿಗಾಲದಾಗ ಹ್ವಾದ. ಈಗ ನಾ ಕುಂತೇನಿ." ಅವನು ಹೆಮ್ಮೆಯಿಂದ ಖಾಲಿ ಪೊಟ್ಟಣ ತೋರಿಸಿದ. "ಒಂದೂ ತಪ್ಪಿಸಿಲ್ರಿ. ಅಂವಂದು ಉಳದದ್ದೂ ನಾನ ತಿಂದೇನಿ."

"ಹೆಂಗ ಹ್ವಾದ್ರು?"

"ಮಗ್ಗದ ಕುಣ್ಯಾಗಿಂದ ಎದ್ದ ನಿಂತ್ರಿ. ನಿಂತಾಂವ ಹಂಗ ಬಿದ್ದ."

ಕಾಕಾನ ಕಡೆ ತಿರುಗಿದೆ. ಅವನ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಹಾಸಿನಲ್ಲಿ ಎಳೆ ಹರಿದರೆ ನೇಕಾರ ಅದನ್ನು ಹಾಗೇ ಬಿಟ್ಟು ಮುಂದೆ ನೇಯುವುದಿಲ್ಲ. ಮಗ್ಗ ನಿಲ್ಲಿಸಿ, ಅದೇ ಬಣ್ಣದ ಇನ್ನೊಂದು ನೂಲು ತಂದು ಗಂಟು ಹಾಕುತ್ತಾನೆ. ಗಂಟು ಕಾಣದಂತೆ ಹಾಕುವುದೇ ಅವನ ಹೆಚ್ಚುಗಾರಿಕೆ. ಕಾಕಾ ಸತ್ತವರ, ಬಿದ್ದವರ ಮನೆಗೆ ಹೋಗಿ, ತಮ್ಮನನ್ನೋ ನಾದಿನಿಯನ್ನೋ ಬೀಗರನ್ನೋ ಹುಡುಕಿ, ಅದೇ ಕಾರ್ಡು ಕೊಟ್ಟು ಕೂರಿಸಿದ್ದ.

"ಯಾಕ ಕಾಕಾ? ನನಗ ಒಂದ ಮಾತ ಹೇಳಬಾರದಿತ್ತೇನ?"

"ನೀನ ಹೇಳಿದ್ಯಲ್ಲ ಮಗಳ, ಒಂದ ಎಳಿ ಹರದ್ರೂ ಅರಿವಿ ಕೆಡತೈತಿ ಅಂತ. ನಿನ್ನ ಹೆಸರ ಕೆಡಬಾರದಂತ ಓಣಿ ಮಂದೆಲ್ಲಾ ಮಾಡ್ಯಾರ."

ಮುಂದಿನ ಮನೆಗೆ ನಡೆದೆ. ಅಲ್ಲಿ ಆಯಿ ಬಚ್ಚಲಲ್ಲಿ ಬಿದ್ದವಳು, ಕಾರ್ಡು ಅವಳ ನಾದಿನಿಯ ಸೆರಗಿನಲ್ಲಿತ್ತು. ಅದರಾಚೆ ಬಣ್ಣದ ಮುದುಕನ ಮನೆ. ಪ್ರತಿ ಮನೆಯಲ್ಲೂ ಅದೇ ಮಾತು: ಕೂತವನು ಎದ್ದ, ಎದ್ದವನು ಬಿದ್ದ. ಗುಳಿಗೆ ರಕ್ತದೊತ್ತಡವನ್ನು ಅತಿಯಾಗಿ ಇಳಿಸಿದರೆ, ಎದ್ದೊಡನೆ ತಲೆಗೆ ರಕ್ತ ಸಾಲದೆ ಹೀಗಾಗುತ್ತದೆ. ನಾನು ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದೆ. ಮೂರು, ನಾಲ್ಕು, ಐದು. ಐದಾದಾಗ ಅವ್ವನ ನೆನಪಾಯಿತು, ಆ ತಲೆಸುತ್ತಿನ ಮಾತೂ ನೆನಪಾಯಿತು. ಅಣ್ಣನಿಗೆ ಫೋನು ಹಚ್ಚಿದೆ. ಆ ಮಗ್ಗಗಳ ಗದ್ದಲದಲ್ಲಿ ಅವನು ಎತ್ತಲಿಲ್ಲ. ಅವ್ವನನ್ನು ಈಗ ತಾನೇ ನೋಡಿ ಬಂದಿದ್ದೇನಲ್ಲ, ಕೂತಿದ್ದಾಳೆ, ಕೂತವರು ಬೀಳುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇನ್ನು ಒಂದು ಸಿಕ್ಕರೆ ಐದು ದಾಟುತ್ತದೆ, ಲಕೋಟೆ ಒಡೆಯುತ್ತದೆ. ಆ ಒಂದಕ್ಕಾಗಿ ನಾನು ಇನ್ನೂ ನಾಲ್ಕು ಮನೆ ಹತ್ತಿ ಇಳಿದೆ.

ಆರನೆಯದು ಸಿಕ್ಕಿತು. ಸಿಕ್ಕಾಗ ನನ್ನ ಮನಸ್ಸಿಗೆ ಒಂದು ಕ್ಷಣ ಸಮಾಧಾನವಾಯಿತು, ಇದನ್ನು ಬರೆಯಲೂ ನಾಚಿಕೆಯಾಗುತ್ತದೆ. ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. "ಎಲ್ಲಾರಿಗೂ ಗುಳಿಗಿ ಬಿಡಿಸ್ರಿ, ನಾ ಒಡೀತೀನಿ," ಅಂದರು.

ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆ ಇನ್ನೂ ಆಗಿರಲಿಲ್ಲ. ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳು ನಾನು. ಅದು ನಿಂತಾಗಲೆಲ್ಲ ಯಾರೋ ಸತ್ತಂತೆ ಅನ್ನಿಸುತ್ತದೆ. ಆ ದಿನ ನಾನು ಓಡತೊಡಗಿದೆ. ನಲವತ್ತೆಂಟರ ಪ್ರಾಯದಲ್ಲಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಮಂದಿ ನೋಡುತ್ತಿರುವಾಗಲೇ ಓಡಿದೆ. ನಮ್ಮ ಬಾಗಿಲು ಕಂಡಿತು. ರಾಟಿಯ ಮುಂದೆ ಅವ್ವ ಕೂತೇ ಇದ್ದಳು. ಬದುಕಿದೆ ಅಂದುಕೊಂಡೆ.

"ಅವ್ವಾ, ಏಳಬ್ಯಾಡ! ಅಲ್ಲೇ ಕುಂದರ!"

ಆ ನಿಶ್ಶಬ್ದದಲ್ಲಿ ಅವಳಿಗೆ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ಬರುವಾಗ ಚಹಾ ಕುಡಿಯುತ್ತೇನೆ ಅಂದು ಹೋದ ಮಗಳು ಬಂದಾಗ ಕೂತೇ ಇರುವುದು ಅವಳಿಂದ ಆಗದ ಮಾತು.

"ದಣದ ಬಂದೀಯಲ್ಲ ಯವ್ವಾ. ಚಾ ಇಡ್ತೀನಿ ತಡಿ," ಅಂದು ನೆಲಕ್ಕೆ ಕೈಯೂರಿ ಎದ್ದಳು. ಎದ್ದು, ನನ್ನತ್ತ ನೋಡಿ, ಏನೋ ಮರೆತವಳಂತೆ ಒಂದು ಗಳಿಗೆ ನಿಂತಳು. ನಾನು ಹೊಸ್ತಿಲು ದಾಟುವುದಕ್ಕೂ ಅವಳು ಬೀಳುವುದಕ್ಕೂ ನಡುವೆ ಎರಡು ಮಾರು ದೂರವಿತ್ತು.

ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಮುಧೋಳದ ಅದೇ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ. ನೋವಿಗಿಂತ ಹೆಚ್ಚಾಗಿ, ಚಹಾ ಕೊಡಲಿಲ್ಲ ಎಂದು ಕೊರಗಿದಳು. ಲಕೋಟೆ ಒಡೆದಿತ್ತು. ಬಿದ್ದವರಲ್ಲಿ ಹೆಚ್ಚಿನವರು ಹೊಸ ಗುಳಿಗೆಯವರೇ. ಅವ್ವನದೂ ಅದೇ. ಡಾಕ್ಟರು ಮೊದಲ ಬಾರಿಗೆ ನನ್ನೆದುರು ತಲೆ ತಗ್ಗಿಸಿ ಕೂತರು. ನಾನು ಅವರನ್ನು ಬೈಯಲಿಲ್ಲ. ಕಾಕಾನನ್ನೂ ಬೈಯಲಿಲ್ಲ. ಹೆಸರು ಬೇಡವೆಂದವಳು, ಎಳೆಯ ಮಾತು ಹೇಳಿದವಳು, ನಂಬರಿನ ಸಾಲು ಹಿಡಿದು ತಾಯಿಯ ಮನೆ ದಾಟಿ ಹೋದವಳು ಯಾರು ಅನ್ನುವುದು ನನಗೆ ಗೊತ್ತಿತ್ತು.

ಐದನೆಯ ದಿನ ಕಾಕಾ ಆಸ್ಪತ್ರೆಗೆ ಬಂದು ಕೋಣೆಯ ಬಾಗಿಲಲ್ಲೇ ನಿಂತ. ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಅವನ ಹೆಂಡತಿ, ನಾವು ಚಿಕ್ಕವ್ವ ಎಂದು ಕರೆಯುವವಳು. ಅವಳ ಕೈಯಲ್ಲಿ ಒಂದು ಕಾರ್ಡಿತ್ತು. ಕೊನೆಯ ನಂಬರಿನದು.

"ಪರೀಕ್ಷಾ ನಿಂತೈತಿ ಕಾಕಾ, ಮನಿಮನಿಗೆ ಹೇಳಿ ಗುಳಿಗಿ ವಾಪಸ ತಗೊಂಡೇವಲ್ಲ," ಅಂದೆ ಮೆಲ್ಲಗೆ.

"ನನಗ ಗೊತ್ತೈತಿ ಮಗಳ," ಅವನ ದನಿ ಇಳಿದಿತ್ತು. "ಖರೆ ನಿಮ್ಮವ್ವಗ ಯಾರೂ ಹೇಳಿಲ್ಲ. ನಿನ್ನೆ ಮೊಮ್ಮಗಳ ಕಡೆ ಕಾರ್ಡ ಕಳಸ್ಯಾಳ. ಇನ್ನ ನಾ ಏಳಾಂಗಿಲ್ಲ, ನನ್ನ ಜಾಗಾದಾಗ ಯಾರನರ ಕುಂದರಸು, ಮಗಳ ಲೆಕ್ಕಾ ಕಮ್ಮಿ ಆಗಬಾರದು ಅಂತ ಹೇಳಿ ಕಳಸ್ಯಾಳ. ಏನ ಹೇಳಲಿ ಆಕಿಗೆ?"

ಅವ್ವ ಮಂಚದ ಮೇಲಿಂದ ನೋಡುತ್ತಿದ್ದಳು. ಮುಖ ಸಣ್ಣದಾಗಿತ್ತು, ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು. ಚಿಕ್ಕವ್ವನನ್ನು ಕಂಡು ನಿಟ್ಟುಸಿರುಬಿಟ್ಟಳು.

"ಈಗ ತುಂಬಿತಿಲ್ಲ, ಯವ್ವಾ?"

ನಾನು ಚಿಕ್ಕವ್ವನ ಕೈಯಿಂದ ಕಾರ್ಡು ತೆಗೆದುಕೊಂಡೆ.

"ತುಂಬೇತವ್ವಾ," ಅಂದೆ.

ಅವಳು ಕಣ್ಣು ಮುಚ್ಚಿ ನಿದ್ದೆ ಹೋದಳು. ಬಿದ್ದ ಮೇಲೆ ಹದಿನೇಳು ದಿನ ಬದುಕಿದ್ದಳು, ಮಂಚದಿಂದ ಮತ್ತೆ ಏಳಲಿಲ್ಲ. ಬನಹಟ್ಟಿಯ ಹಾಳೆಯನ್ನು ಆಮೇಲೆ ನಾನೇ ಮೊದಲಿನಿಂದ ಬರೆದೆ, ಈ ಸಲ ಎಲ್ಲರ ಹೆಸರು ಹಾಕಿ.